ಮೀಟರ್ ಹಿಡಿಸುತ್ತಿದ್ದ ಮೈಲಾರಪ್ಪಣ್ಣ

ಮೈಲಾರಪ್ಪಣ್ಣನ ಹತ್ತಿರ ಗಾಡಿ ರಿಪೇರಿಗೆ ಬಿಟ್ಟು, ಚಹಾ ಕುಡಿದು ಬರುತ್ತೇನೆ ಅಂತ ಯಾರೂ ಹೋಗುವಂತಿರಲಿಲ್ಲ. ಹೋದರೆ ಗಾಡಿ ಬಿಟ್ಟಲ್ಲೇ ಬಿಟ್ಟಂತೆ ನಿಂತಿರುತ್ತಿತ್ತು. ಅವನು ಪಕ್ಕದಲ್ಲಿ ಸ್ಟೂಲು ಹಾಕಿ, ಅದರ ಮೇಲೆ ಕರೆಂಟು ಅಳೆಯುವ ಹಳದಿ ಬಣ್ಣದ ಮೀಟರ್ ಇಟ್ಟು, ತಾನು ಕೈಕಟ್ಟಿ ಕೂತಿರುತ್ತಿದ್ದ. ನೀವು ಬಂದ ಮೇಲೆ ಮೀಟರಿನ ಕೆಂಪು ವೈರು, ಕರಿ ವೈರು ಎರಡನ್ನೂ ನಿಮ್ಮ ಕೈಗೇ ಕೊಡುತ್ತಿದ್ದ. “ಹಿಡೀರಿ. ಏನಾಗೈತಿ ಅಂತ ನೀವ ಹೇಳ್ರಿ. ಆಮ್ಯಾಲೆ ನಾ ರಿಪೇರಿ ಮಾಡ್ತೀನಿ” ಅನ್ನುತ್ತಿದ್ದ. ಡಾಕ್ಟರು ರೋಗಿಯ ಕೈಗೇ ಸ್ಟೆತಾಸ್ಕೋಪು ಕೊಟ್ಟರೆ ಹೇಗಿರುತ್ತದೋ ಹಾಗೆ. ಅವಸರದಲ್ಲಿ ಬಂದವರು ಬೈದುಕೊಂಡು ಬೇರೆ ಅಂಗಡಿಗೆ ಹೋಗುತ್ತಿದ್ದರು. ಹೋದವರನ್ನು ಅವನು ಒಮ್ಮೆಯೂ ಕರೆಯಲಿಲ್ಲ.

ಕೊಟ್ಟೂರಿನಿಂದ ಹರಪನಹಳ್ಳಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವಲ್ಲಿ ಅವನದೊಂದು ತಗಡಿನ ಅಂಗಡಿ. ಬೋರ್ಡು ಇರಲಿಲ್ಲ. ಗಾಡಿಗಳ ಕರೆಂಟಿನ ಕೆಲಸ ಮಾತ್ರ ಮಾಡುತ್ತಿದ್ದ: ವೈರಿಂಗು, ಸೆಲ್ಫು, ಡೈನಮೋ, ಕಾಯಿಲು. ಬಡಕಲು ಮನುಷ್ಯ, ಒಂದು ಕಾಲು ಮುರಿದ ಕನ್ನಡಕಕ್ಕೆ ವೈರೇ ಕಾಲು. ಅಂಗಡಿಯ ಒಳಗೆ ಬುದ್ಧನ ಪಟ. ಹೆಸರು ನೋಡಿದರೆ ಮೈಲಾರಪ್ಪ, ಇದೇನಣ್ಣ ಅಂತ ಒಮ್ಮೆ ಕೇಳಿದ್ದೆ. “ಹೆಸರು ನಮ್ಮಪ್ಪ ಇಟ್ಟಿದ್ದು, ಪಟ ನಾ ಇಟ್ಟಿದ್ದು. ಎರಡೂ ಇರ್ಲಿ ಬಿಡು” ಅಂದ. ಅಷ್ಟಕ್ಕೆ ಆ ಮಾತು ಮುಗಿಯಿತು.

ನಾನು ಕೊಟ್ರೇಶಿ, ವ್ಯಾನ್ ಡ್ರೈವರ್. ಬೆಳಿಗ್ಗೆ ಕೊಟ್ಟೂರಿನಲ್ಲಿ ಎಂಟು ಜನ ಮೇಷ್ಟ್ರು-ಮೇಡಂಗಳನ್ನು ಹತ್ತಿಸಿಕೊಂಡು ಹರಪನಹಳ್ಳಿ ದಾಟಿ ನೀಲಗುಂದದ ಕಡೆಯ ಶಾಲೆಗಳಿಗೆ ಒಬ್ಬೊಬ್ಬರನ್ನಾಗಿ ಇಳಿಸುವುದು, ಸಂಜೆ ಅದೇ ಸಾಲಿನಲ್ಲಿ ಆರಿಸಿಕೊಂಡು ಬರುವುದು. ಇಪ್ಪತ್ತು ವರ್ಷ ದಾಟಿತು. ಅದೇ ರಸ್ತೆ, ಅವೇ ಗುಂಡಿಗಳು, ಹಿಂದಿನ ಸೀಟಿನಲ್ಲಿ ಅದೇ ಟ್ರಾನ್ಸ್‌ಫರಿನ ಮಾತು. ಮೇಷ್ಟ್ರುಗಳು ಬದಲಾಗುತ್ತಾರೆ, ಮಾತು ಬದಲಾಗುವುದಿಲ್ಲ. ಇವತ್ತು ಈ ರಸ್ತೆಯಲ್ಲಿ ಕಣ್ಣು ಮುಚ್ಚಿ ಓಡಿಸು ಅಂದರೂ ಓಡಿಸಬಲ್ಲೆ, ಆದರೆ ಕಣ್ಣು ತೆರೆದು ಓಡಿಸುವುದಕ್ಕೇ ಈಗೀಗ ಬೇಸರ.

ಆಗ ನನ್ನದು ಹಳೆಯ ಪೆಟ್ರೋಲ್ ವ್ಯಾನು. ಎಂಜಿನ್ನು ಮುಂದಿನ ಸೀಟಿನ ಕೆಳಗೆ. ಸೀಟು ಎತ್ತಿದರೆ ಎಲ್ಲವೂ ಕಾಣುತ್ತಿತ್ತು. ಆ ಸೀಟಿನ ಮೇಲೆ ಯಾವಾಗಲೂ ಕೂರುತ್ತಿದ್ದವರು ನೀಲಗುಂದದ ಕಡೆಯ ಶಾಲೆಯೊಂದರ ಹೆಡ್‌ಮಾಸ್ಟರು ಬಸವಲಿಂಗಯ್ಯನವರು. ಇಸ್ತ್ರಿ ಬಟ್ಟೆ, ಹಣೆಯ ಮೇಲೆ ವಿಭೂತಿ, ಮೂಗಿನ ತುದಿಯಲ್ಲಿ ಸಿಟ್ಟು. ಗಾಡಿ ಕೆಟ್ಟಾಗಲೆಲ್ಲ ಮೊದಲು ಅವರನ್ನು ಎಬ್ಬಿಸಬೇಕಾಗಿತ್ತು.

ಆ ವ್ಯಾನಿನ ಮೂಲಕವೇ ಮೈಲಾರಪ್ಪಣ್ಣ ನನಗೆ ಮೇಷ್ಟ್ರಾದ. ಮೊದಲ ಸಲ ಹೋದಾಗ ನನ್ನ ತಕರಾರು ಇಷ್ಟೇ: ಕೀ ತಿರುಗಿಸಿದರೆ ಗಾಡಿ ಹತ್ತುತ್ತದೆ, ಕೀ ಬಿಟ್ಟ ತಕ್ಷಣ ಆರುತ್ತದೆ. ಅವನು ಸೀಟು ಎತ್ತಿ, ಕಾಯಿಲಿನ ಪಕ್ಕದಲ್ಲಿ ಕೂತಿದ್ದ ಬೆರಳುದ್ದದ ಬಿಳಿ ಪಿಂಗಾಣಿ ತುಂಡನ್ನು ತೋರಿಸಿದ. ಅದರ ಹೆಸರು ಬ್ಯಾಲಾಸ್ಟ್ ರೆಸಿಸ್ಟರ್. ಅವನ ಬಾಯಲ್ಲಿ ಅದು ಕಲ್ಲು.

“ಎಂಜಿನ್ನಿಗೆ ಕಿಡಿ ಕೊಡೋ ಈ ಕಾಯಿಲ್ ಐತಲ್ಲ, ಇದು ಎಂಟೊಂಬತ್ತು ವೋಲ್ಟ್ ತಿಂದು ಬದುಕೋ ಪ್ರಾಣಿ. ಬ್ಯಾಟ್ರಿಯಾಗ ಹನ್ನೆರಡು ಐತಿ. ಸೆಲ್ಫ್ ಹೊಡದಾಗ ಬ್ಯಾಟ್ರಿ ಸೊರಗತೈತಿ, ಅವಾಗ ಕಾಯಿಲಿಗೆ ನೇರ ದಾರಿಲೆ ಕರೆಂಟ್ ಕೊಡ್ತಾರ. ಗಾಡಿ ಹತ್ತಿದ ಮ್ಯಾಲೆ ನೀ ಕೀ ಬಿಡ್ತೀಯಲ್ಲ, ಅವಾಗ ಈ ಕಲ್ಲಿನ ದಾರಿ. ಕಲ್ಲು ಒಂದೀಟು ತಡದು ಕಳಸತೈತಿ. ಒಲಿ ಹೊತ್ತೋತನಕ ಊದ್ಬೇಕು, ಹೊತ್ತಿದ ಮ್ಯಾಲೂ ಊದ್ಕೋತ ಕುಂತ್ರ ಬೂದಿ ಕಣ್ಣಿಗೆ ಬರತೈತಿ. ಈಗ ಹೇಳು, ನಿನ್ನ ಗಾಡಿ ಹತ್ತಿ ಯಾಕ ಆರತೈತಿ?”

ನಾನು ಬಗ್ಗಿ ಕಲ್ಲಿನ ವೈರುಗಳನ್ನು ನೋಡತೊಡಗಿದೆ. ಅವನು ಅವಸರ ಮಾಡಲಿಲ್ಲ. ರಸ್ತೆಯಲ್ಲಿ ಹೋಗುವ ಲಾರಿಗಳನ್ನು ನೋಡುತ್ತಾ ಕೂತ. ಐದು ನಿಮಿಷದ ಮೇಲೆ ನಾನೇ, “ನೇರ ದಾರಿ ಚಲೋ ಐತಿ, ಕಲ್ಲಿನ ದಾರಿ ಕಿತ್ತು ಹೋಗೈತಿ ಅಣ್ಣ” ಅಂದೆ. ಅವನ ಮುಖ ನೋಡಬೇಕಾಗಿತ್ತು. ತನ್ನ ಮಗ ಫಸ್ಟ್ ಕ್ಲಾಸಿನಲ್ಲಿ ಪಾಸಾದ ಹಾಗೆ ಹಿಗ್ಗಿದ. ಆಮೇಲೆ ಪರೀಕ್ಷೆ ಮುಂದುವರಿಯಿತು. ಕಲ್ಲಿನ ಒಂದು ಕಡೆಯ ವೈರು ಬಿಚ್ಚಿಸಿದ. ಮೀಟರಿನ ಎರಡು ತುದಿಗಳನ್ನು ಒಂದಕ್ಕೊಂದು ಮುಟ್ಟಿಸಿ, ಅದು ಸುಮ್ಮನೆ ಎಷ್ಟು ತೋರಿಸುತ್ತದೆ ನೋಡು ಅಂದ. ಆಮೇಲೆ ಕಲ್ಲಿನ ಎರಡು ತುದಿಗೆ ಹಿಡಿಸಿದ. ಒಂದೂವರೆ ಓಮ್ ಆಸುಪಾಸು ಬಂದರೆ ಕಲ್ಲು ಸರಿ. ಸೊನ್ನೆಯೇ ಬಂದರೆ ಒಳಗೆ ಕೂಡಿಕೊಂಡಿದೆ. ಮೀಟರು ಏನನ್ನೂ ತೋರಿಸದೆ ನಿಂತರೆ ಒಳಗಿನ ತಂತಿ ಹರಿದಿದೆ. ನನ್ನದು ಹರಿದಿತ್ತು. ಹೊಸದು ಹಾಕಿದ ಮೇಲೂ ಬಿಡಲಿಲ್ಲ. ಎಂಜಿನ್ನು ಹತ್ತು ನಿಮಿಷ ಓಡಿಸಿ, ಬಂದ್ ಮಾಡಿ, ಬಿಸಿ ಕಲ್ಲಿಗೆ ಮತ್ತೆ ಮೀಟರ್ ಹಿಡಿಸಿದ. ತಣ್ಣಗಿದ್ದಾಗ ಸರಿಯಿದ್ದು, ಬಿಸಿಯಾದಾಗ ಬಿಟ್ಟುಕೊಳ್ಳುವ ಕಲ್ಲುಗಳೂ ಇರುತ್ತವಂತೆ. ಬೆರಳು ತಾಗಿ ಚುರ್ ಅಂದಿತು. “ಬಿಸಿ ಆಗ್ಬೇಕಪ್ಪ, ಅದರ ಕೆಲಸನ ಅದು” ಅಂತ ನಕ್ಕ. ಇದನ್ನು ಮನುಷ್ಯರ ಬಾಳಿಗೆ ಹೋಲಿಸಿ ನನ್ನ ಗಾಡಿಯಲ್ಲಿ ಬಂದಿದ್ದ ಒಬ್ಬ ಮೇಷ್ಟ್ರು ಅಲ್ಲೇ ಏನೋ ದೊಡ್ಡ ಮಾತಾಡಲು ಹೊರಟಾಗ, “ಸಾರ್, ಇದು ಬರೇ ಗಾಡಿ ಸಾಮಾನು” ಅಂತ ಬಾಯಿ ಮುಚ್ಚಿಸಿದ.

ಅವನಿಗೆ ಈ ಕಲಿಸುವ ಹುಚ್ಚು ಹಿಡಿದದ್ದು ಬಳ್ಳಾರಿಯಲ್ಲಿ. ಎಸ್ಸೆಸ್ಸೆಲ್ಸಿ ಫೇಲಾಗಿ ಅಲ್ಲೊಬ್ಬ ಉಸ್ತಾದನ ಗ್ಯಾರೇಜಿಗೆ ಸೇರಿದ್ದನಂತೆ. ಉಸ್ತಾದ ಮುಖ್ಯ ಕೆಲಸ ಬಂದಾಗಲೆಲ್ಲ ಇವನಿಗೆ ಬೆನ್ನು ತಿರುಗಿಸಿ ಕೂರುತ್ತಿದ್ದ, ಇಲ್ಲವೇ ಬೀಡಿ ತರಲು ಕಳಿಸುತ್ತಿದ್ದ. “ಆರು ವರ್ಷ ಆ ಮನುಷ್ಯನ ಬೆನ್ನು ನೋಡೀನಿ ಕೊಟ್ರೇಶಿ. ಅವನ ಅಂಗಿ ಮ್ಯಾಲಿನ ತೇಪಿ ಎಲ್ಲೆಲ್ಲಿ ಐತಿ ಅಂತ ಈಗ್ಲೂ ಹೇಳ್ತೀನಿ. ಅವತ್ತ ಅನ್ಕಂಡೆ, ನಾ ಮಾತ್ರ ಯಾರಿಗೂ ಬೆನ್ನು ಕೊಡಬಾರ್ದು ಅಂತ.” ಹಾಗೆ ಅಂದುಕೊಂಡವನು ಮಾತು ಉಳಿಸಿಕೊಂಡ. ನಮಗೆಲ್ಲ ಅದರಿಂದ ತಡವಾಗುತ್ತಿತ್ತು, ಅಷ್ಟೇ.

ಕೂಡ್ಲಿಗಿಯ ಶೇಂಗಾ ವ್ಯಾಪಾರಿಯೊಬ್ಬರ ಕಥೆ ನಮ್ಮ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಗೊತ್ತು. ಹಳೇ ಪೆಟ್ರೋಲ್ ಜೀಪು ತಂದಿದ್ದರು, ಬಿಳಿ ಅಂಗಿ, ಬಿಳಿ ಪಂಚೆ. ಅವರ ಗಾಡಿಯದೂ ಕಲ್ಲಿನದೇ ತಕರಾರು. ಹೊಸ ಕಲ್ಲು ಬರಲು ಎರಡು ದಿನ ಬೇಕಾಗಿತ್ತು. “ಒಂದು ವೈರ್ ಹಾಕಿ ಡೈರೆಕ್ಟ್ ಕೊಡೋ ಮಾರಾಯ, ನಾ ಹೋಗ್ಬೇಕು” ಅಂದರು. ಡೈರೆಕ್ಟ್ ಅಂದರೆ ಕಲ್ಲನ್ನು ಬಿಟ್ಟು, ಬ್ಯಾಟರಿಯ ಕರೆಂಟನ್ನು ನೇರ ಕಾಯಿಲಿಗೆ ಕೊಡುವುದು. ದಾರಿಬದಿಯಲ್ಲಿ ಎಲ್ಲರೂ ಮಾಡಿಕೊಡುವ ಕೆಲಸ.

“ಕೊಡಂಗಿಲ್ರಿ.”

“ಯಾಕ ಕೊಡಂಗಿಲ್ಲ? ಗಾಡಿ ನಂದು.”

“ಗಾಡಿ ನಿಮ್ದ್ರಿ, ಕೈ ನಂದ್ರಿ. ಡೈರೆಕ್ಟ್ ಕೊಟ್ರ ಇವತ್ತು ಚಲೋ ಓಡತೈತಿ. ಕಾಯಿಲಿನ ಕರೆಂಟ್ ಕಡದು ಕೂಡಸೋ ಪಾಯಿಂಟ್ ಸುಡತೈತಿ, ಕಾಯಿಲ್ ಕುದಿತೈತಿ, ಇನ್ನೊಂದಿನ ಎಲ್ಲೋ ಅಡವ್ಯಾಗ ನಿಂದರ್ತೀರಿ. ಬರ್ರಿ ಇಲ್ಲಿ, ಈ ಮೀಟರ್ ಹಿಡೀರಿ, ತೋರಸ್ತೀನಿ.”

ಬಿಳಿ ಪಂಚೆಯನ್ನು ಮೇಲಕ್ಕೆ ಕಟ್ಟಿಸಿ ಅವರ ಕೈಗೂ ಮೀಟರ್ ಕೊಟ್ಟ. ಅರ್ಧ ಗಂಟೆ. ವ್ಯಾಪಾರಿ ಬೈಯುತ್ತಲೇ ಕಲಿತರು, ಗಾಡಿ ಬಿಟ್ಟು ಬಸ್ಸಿಗೆ ಹೋದರು. ತಿಂಗಳೊಪ್ಪತ್ತಿನಲ್ಲಿ ಅವರೇ ಸಂತೆಯಲ್ಲಿ ತಮ್ಮ ಡ್ರೈವರಿಗೆ ಕಲ್ಲಿನ ದಾರಿ, ನೇರ ದಾರಿ ಅಂತ ಪಾಠ ಹೇಳುತ್ತಿದ್ದುದನ್ನು ಕೇಳಿದವರಿದ್ದಾರೆ.

ಇಂಥವನಿಗೆ ಒಂದೇ ಆಸೆ ಇತ್ತು. ಕರಿಹಲಗೆಯ ಮುಂದೆ ನಿಲ್ಲಬೇಕು. ಹರಪನಹಳ್ಳಿಯಲ್ಲಿ ಒಂದು ಖಾಸಗಿ ತರಬೇತಿ ಕೇಂದ್ರದವರು ಹುಡುಗರಿಗೆ ಗಾಡಿ ಕರೆಂಟಿನ ಕೆಲಸ ಕಲಿಸಲು ಒಬ್ಬರನ್ನು ಹುಡುಕುತ್ತಿದ್ದರು. ಸರ್ಟಿಫಿಕೇಟು ಇಲ್ಲದಿದ್ದರೂ ಕೆಲಸ ಗೊತ್ತಿರಬೇಕು, ಕಮಿಟಿಯವರೊಬ್ಬರು ಹೆಸರು ಹೇಳಬೇಕು. ನಮ್ಮ ಬಸವಲಿಂಗಯ್ಯನವರು ಆ ಕಮಿಟಿಯಲ್ಲಿದ್ದರು. ನಾನೇ ಮಾತು ಹಾಕಿದೆ. ಅವರು ನನ್ನ ವ್ಯಾನಿನ ಸೀಟು ತಟ್ಟಿ, “ನಿನ್ನ ಗಾಡಿ ಅವನ ಕೈಯಾಗ ಐತಲ್ಲ, ಚಲೋ ಓಡ್ತೈತಿ. ಅದಕ್ಕಿಂತ ಸರ್ಟಿಫಿಕೇಟ್ ಏನ್ ಬೇಕು? ಮುಂದಿನ ಮೀಟಿಂಗಿನಾಗ ಹೇಳ್ತೀನಿ” ಅಂದರು. ಸುದ್ದಿಯನ್ನು ಮೈಲಾರಪ್ಪಣ್ಣನಿಗೆ ಮುಟ್ಟಿಸಿದೆ. ಮಾರನೆಯ ದಿನ ನೋಡಿದರೆ ಅಂಗಡಿಯ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಬ್ಯಾಟರಿ, ಕಲ್ಲು, ಕಾಯಿಲು ಬರೆದು, ಅಳಿಸಿ, ಮತ್ತೆ ಬರೆದಿದ್ದ. ಹಿಂದಿನ ಬೆಂಚಿನವರಿಗೆ ಕಾಣುತ್ತದಾ ಅಂತ ರಸ್ತೆಯ ಆಚೆ ಹೋಗಿ ನಿಂತು ನೋಡುತ್ತಿದ್ದ. ಐವತ್ತೈದು ದಾಟಿದ ಮನುಷ್ಯ.

ಮೀಟಿಂಗಿಗೆ ಎರಡು ವಾರ ಇರುವಾಗ ಹರಪನಹಳ್ಳಿ ಸರ್ಕಲ್ಲಿನಲ್ಲಿ ನನ್ನ ವ್ಯಾನು ನಿಂತಿತು. ಕೀ ತಿರುಗಿಸಿದರೆ ಹತ್ತುತ್ತದೆ, ಬಿಟ್ಟರೆ ಆರುತ್ತದೆ. ನನಗೆ ತಕ್ಷಣ ಗೊತ್ತಾಯಿತು. ಗಾಡಿಯಲ್ಲಿ ಎಂಟು ಜನ, ಹಾಜರಿಯ ಹೊತ್ತು ಮೀರುತ್ತಿದೆ. ಹೆಡ್‌ಮಾಸ್ಟರನ್ನು ಎಬ್ಬಿಸಿದೆ, ಸೀಟು ಎತ್ತಿದೆ, ಗೇಣುದ್ದದ ವೈರು ತೆಗೆದು ಕಲ್ಲಿನ ಈ ತುದಿಯಿಂದ ಆ ತುದಿಗೆ ಕೂಡಿಸಿದೆ. ಡೈರೆಕ್ಟ್. ಗಾಡಿ ಬುರ್ ಅಂತ ಹತ್ತಿತು, ಮೊದಲಿಗಿಂತ ಜೋರಾಗಿಯೇ. “ಕೊಟ್ರೇಶಿ ಮೆಕ್ಯಾನಿಕ್ ಆಗ್ಬಿಟ್ಟನಲ್ಲ!” ಅಂತ ಒಬ್ಬ ಮೇಡಂ ಅಂದರು. ನನಗೂ ಒಳಗೊಳಗೇ ಕೋಡು ಮೂಡಿತು.

ಸಂಜೆ ನೇರ ಮೈಲಾರಪ್ಪಣ್ಣನ ಅಂಗಡಿಗೆ ಹೋಗಬೇಕಾಗಿತ್ತು. ಹೋಗಲಿಲ್ಲ. ಕಾರಣ ದೊಡ್ಡದೇನಲ್ಲ. ಹೋದರೆ ಅರ್ಧ ಗಂಟೆ ಪರೀಕ್ಷೆ ಕೊಡಬೇಕು, ಯಾಕೆ ಹಾಕಿದೆ ಅಂತ ಕೇಳುತ್ತಾನೆ, ಮೀಟರ್ ಹಿಡಿ ಅನ್ನುತ್ತಾನೆ. ನನಗೆ ದಣಿವಾಗಿತ್ತು. ನಾಳೆ ಹೋದರಾಯಿತು ಅಂದುಕೊಂಡೆ. ಮರುದಿನವೂ ದಣಿವಾಗಿತ್ತು. ಈ ಕೆಲಸದಲ್ಲಿ ದಣಿವಾಗದ ದಿನ ಯಾವುದು? ಹೀಗೆ ಒಂಬತ್ತು ದಿನ ಅವನ ಅಂಗಡಿಯ ಮುಂದೆಯೇ ಎರಡೂ ಹೊತ್ತು ಹಾದು ಹೋದೆ, ಹಾರ್ನ್ ಹೊಡೆದು ಕೈಯೆತ್ತಿದೆ. ಅವನೂ ಸೀಮೆಸುಣ್ಣದ ಕೈಯೆತ್ತಿದ.

ಒಂಬತ್ತನೆಯ ದಿನ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿ ಬರುವುದು ತಡವಾಯಿತು. ಎಂಜಿನ್ ಬಂದ್ ಮಾಡಿದೆ, ಹಾಡು ಇರಲಿ ಅಂತ ಹಿಂದಿನವರು ಅಂದದ್ದಕ್ಕೆ ಕೀ ಮಾತ್ರ ಆನ್ ಇಟ್ಟೆ. ಸ್ವಲ್ಪ ಹೊತ್ತಿಗೆ ಬಸವಲಿಂಗಯ್ಯನವರು ಕೂತಲ್ಲೇ ಮಿಸುಕಾಡಿದರು. “ಏನೋ ಸುಟ್ಟ ವಾಸ್ನಿ ಬರ್ತೈತಲ್ಲೋ, ಕುಂಡಿ ಬ್ಯಾರೆ ಕಾಯ್ತೈತಿ” ಅಂತ ಎದ್ದೇಬಿಟ್ಟರು. ಸೀಟು ಎತ್ತಿದೆ. ಕಾಯಿಲು ಕುದಿದು, ಅದರ ತಲೆಯ ಹತ್ತಿರ ಎಣ್ಣೆ ಒಸರಿ, ಹೊಗೆಯಾಡುತ್ತಿತ್ತು. ಗೇಟು ತೆರೆಯಿತು, ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತಾ ನಮ್ಮನ್ನು ದಾಟಿ ಹೋದವು. ಹೆಡ್‌ಮಾಸ್ಟರಿಗೆ ಅಂದು ಶಾಲೆಯಲ್ಲಿ ಇನ್‌ಸ್ಪೆಕ್ಷನ್ ಇತ್ತು.

“ಇದೇನ ಅವನ ಕೆಲಸ? ಇಂಥೋನು ಹುಡುಗರಿಗೆ ಏನ್ ಕಲಿಸ್ತಾನ?” ಅಂತ ಎಲ್ಲರ ಮುಂದೆ ಕೂಗಾಡಿದರು.

ಆಗ ಒಂದು ಮಾತು ಹೇಳಬೇಕಾಗಿತ್ತು. ಸಾರ್, ಅವನಲ್ಲ, ನಾನು. ಇಷ್ಟೇ. ಹೇಳಲಿಲ್ಲ. ಆ ರಸ್ತೆಯಲ್ಲಿ ಇನ್ನೂ ಮೂರು ವ್ಯಾನುಗಳು ಓಡುತ್ತಿದ್ದವು. ಡ್ರೈವರೇ ಗಾಡಿ ಕೆಡಿಸಿದ ಅಂತಾದರೆ ಎಂಟೂ ಜನ ನಾಳೆಯಿಂದ ಬೇರೆ ವ್ಯಾನು ಹತ್ತುತ್ತಾರೆ ಅನ್ನುವ ಭಯ. ಫೋನ್ ಮಾಡಿ ಮೈಲಾರಪ್ಪಣ್ಣನನ್ನು ಕರೆಸಿದೆ.

ಬೈಕಿನಲ್ಲಿ ಬಂದ. ಸೀಟಿನ ಕೆಳಗೆ ಬಗ್ಗಿದ. ನನ್ನ ವೈರು ಅವನಿಗೆ ಕಂಡಿತು. ಕಲ್ಲಿನ ಮೇಲೆ ಅಡ್ಡಡ್ಡ ಕೂತಿತ್ತು, ಕಾಣದಿರಲು ಸಾಧ್ಯವೇ ಇರಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದ. ಆಮೇಲೆ ವೈರು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡ. ಹೆಡ್‌ಮಾಸ್ಟರು, “ಏನಪ್ಪಾ ಮೈಲಾರಪ್ಪ, ಇದೇನಿದು?” ಅಂದರು. “ಕಾಯಿಲ್ ಹೋಗೈತ್ರಿ ಸಾರ್. ಹಾಕ್ತೀನಿ” ಅಂದ. ಹೊಸ ಕಾಯಿಲು, ಹೊಸ ಕಲ್ಲು ಹಾಕಿದ. ಜೀವನದಲ್ಲಿ ಅದೊಂದೇ ಸಲ ಅವನು ಯಾರ ಕೈಗೂ ಮೀಟರ್ ಕೊಡದೆ ಕೆಲಸ ಮುಗಿಸಿದ್ದು.

ಸಂಜೆ ಅಂಗಡಿಗೆ ಹೋದೆ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಎಷ್ಟು ದಿನ ಓಡಿಸ್ದಿ?”

“ಒಂಬತ್ತು ದಿನ ಅಣ್ಣ.”

“ಗೇಟಿನಾಗ ಕೀ ಬಂದ್ ಮಾಡಿದ್ದೇನು?”

“ಇಲ್ಲ.”

“ಹಂಗಾರ ಯಾಕ ಸುಡ್ತು, ಹೇಳು.”

ನಾನು ಹೇಳಿದೆ. ಕಲ್ಲು ಇಲ್ಲದ್ದಕ್ಕೆ ಹನ್ನೆರಡೂ ವೋಲ್ಟು ಕಾಯಿಲಿಗೇ ಬಿತ್ತು, ಎಂಜಿನ್ ನಿಂತಾಗ ಪಾಯಿಂಟು ಕೂಡಿಕೊಂಡೇ ನಿಂತಿತ್ತು, ಕೀ ಆನ್ ಇದ್ದುದರಿಂದ ಬಿಡುವಿಲ್ಲದೆ ಹರಿದು ಕಾಯಿಲು ಕುದಿಯಿತು. ತಡವರಿಸದೆ, ಒಂದೂ ತಪ್ಪಿಲ್ಲದೆ ಹೇಳಿದೆ. ಅವನು ತಲೆಯಾಡಿಸುತ್ತಾ ಕೇಳಿದ. “ಎಲ್ಲಾ ಗೊತ್ತೈತಿ ನಿನಗ” ಅಂದ. ಮುಖದಲ್ಲಿ ಆ ಹಿಗ್ಗು ಇರಲಿಲ್ಲ. ಎದ್ದು ಹೋಗಿ ಕೈ ತೊಳೆದುಕೊಂಡ. ನಾನು ಸಾರಿಗೆ ಹೇಳ್ತೀನಣ್ಣ ಅಂದೆ. “ಬ್ಯಾಡ ಹೋಗು, ನಿನ್ನ ಮನಿ ಆ ಗಾಡಿ ಮ್ಯಾಲೆ ನಡಿತೈತಿ” ಅಂದ. ಬೇಡ ಅಂದದ್ದೇ ನನಗೆ ಸಾಕಾಯಿತು. ನಾಚಿಕೆಯ ಮಾತು, ಆದರೆ ನಿಜ: ಅವತ್ತು ಮನೆಗೆ ಹೋಗುವಾಗ ಮೈ ಹಗುರಾಗಿತ್ತು.

ಕೆಲಸ ಅವನಿಗೆ ಸಿಗಲಿಲ್ಲ. ಹಡಗಲಿ ಕಡೆಯ ಒಬ್ಬ ಸರ್ಟಿಫಿಕೇಟಿನ ಹುಡುಗ ಬಂದ. ಹೆಡ್‌ಮಾಸ್ಟರು ಸಿಟ್ಟಿನಲ್ಲಿ ಹೆಸರು ಕೈಬಿಟ್ಟರು ಅಂತ ನಾನು ತಿಳಿದೆ, ಕೇಳುವ ಧೈರ್ಯ ಬರಲಿಲ್ಲ. ತಗಡಿನ ಮೇಲಿನ ಚಿತ್ರ ಮಳೆಗೆ ತೊಳೆದು ಹೋಯಿತು. ಮೈಲಾರಪ್ಪಣ್ಣ ಮೊದಲಿನ ಹಾಗೇ ಕೆಲಸ ಮಾಡಿದ, ನನ್ನ ಜೊತೆ ಮೊದಲಿನ ಹಾಗೇ ಮಾತಾಡಿದ. ಅದನ್ನು ಸಹಿಸಿಕೊಳ್ಳುವುದೇ ಕಷ್ಟವಾಗಿತ್ತು. ಅವನ ಮುಂದೆ ಕೂತಾಗಲೆಲ್ಲ ಈಗ ಹೇಳೋಣ, ಈಗ ಹೇಳೋಣ ಅನಿಸುತ್ತಿತ್ತು. ಅವನಿಗೆ ಹೇಳುವುದೇನಿತ್ತು, ಅವನಿಗೆ ಗೊತ್ತೇ ಇತ್ತು. ಹೇಳಬೇಕಾದ ಮನುಷ್ಯ ದಿನಾ ನನ್ನ ಪಕ್ಕದ ಸೀಟಿನಲ್ಲಿ ಪೇಪರ್ ಓದುತ್ತಿದ್ದರು. ಅವರು ರಿಟೈರ್ ಆಗುವ ತನಕವೂ ನಾನು ಹೇಳಲಿಲ್ಲ.

ಬರಬರುತ್ತಾ ಕಲ್ಲು ಇರುವ ಗಾಡಿಗಳೇ ಇಲ್ಲವಾದವು. ನನ್ನ ಹಳೇ ವ್ಯಾನೂ ಗುಜರಿಗೆ ಹೋಯಿತು. ಕಂಪ್ಯೂಟರ್ ಹಚ್ಚಿ ನೋಡುವ ಅಂಗಡಿಗಳು ಬಂದವು. ಅವನ ಹತ್ತಿರ ಬರುವವರು ಕಡಿಮೆಯಾದರು, ಕಣ್ಣೂ ಮಂಜಾಯಿತು, ಆಮೇಲೆ ಶ್ವಾಸದ ಕಾಯಿಲೆ. ಹೋದ ಬೇಸಿಗೆಯಲ್ಲಿ ಮನೆಗೆ ನೋಡಲು ಹೋದೆ. ಹೊರಗೆ ಮಂಚದ ಮೇಲೆ ಒರಗಿ ಕೂತಿದ್ದ. ನನ್ನ ಹೊಸ ಗಾಡಿಯ ಸದ್ದು ಕೇಳಿ, “ಇದರಾಗ ಕಾಯಿಲ್ ಎಷ್ಟದಾವಲೇ?” ಅಂದ.

“ಗೊತ್ತಿಲ್ಲಣ್ಣ. ಕಂಪನಿಯವರು ಬಿಚ್ಚಬ್ಯಾಡ ಅಂದಾರ.”

“ಬಿಚ್ಚಬ್ಯಾಡ ಅಂದ್ರ ಬಿಚ್ಚಂಗಿಲ್ಲ ಅನ್ನು. ಪರವಾಗಿಲ್ಲ, ಮಾತು ಕೇಳೋದು ಕಲ್ತೀ.”

ಕೆಮ್ಮುತ್ತಾ ನಕ್ಕ. ನಾನೂ ನಕ್ಕೆ, ಆದರೆ ಎದುರಿಗೆ ಹೆಚ್ಚು ಹೊತ್ತು ಕೂರಲಾಗಲಿಲ್ಲ. ಅದೇ ಕೊನೆಯ ಭೇಟಿ.

ಅವನ ಮಣ್ಣಿಗೆ ಬಸವಲಿಂಗಯ್ಯನವರೂ ಬಂದಿದ್ದರು. ಕೋಲು ಹಿಡಿದು ನಡೆಯುವಷ್ಟು ವಯಸ್ಸಾಗಿದೆ. ಅವರನ್ನು ನಾನೇ ಗಾಡಿಯಲ್ಲಿ ಮನೆಗೆ ಬಿಡಲು ಹೊರಟೆ. ಮತ್ತೆ ಪಕ್ಕದ ಸೀಟಿನಲ್ಲಿ ಕೂತರು. ಸ್ವಲ್ಪ ದೂರ ಹೋದ ಮೇಲೆ, “ಅವತ್ತು ಆ ಕೆಲಸಕ್ಕ ಬಂದಿದ್ರ ಚಲೋ ಇತ್ತಪ್ಪ ಇವ” ಅಂದರು.

“ನೀವ ಬ್ಯಾಡ ಅಂದ್ರಲ್ರಿ ಸಾರ್, ಗೇಟಿನ ಹತ್ರ.”

“ಸಿಟ್ಟಿನಾಗ ಅಂದಿದ್ದು ಅದು. ಎರಡ ದಿನಕ್ಕ ಇಳೀತು. ಒಂದು ಕಾಯಿಲ್ ಸುಟ್ರ ಮನುಷ್ಯ ಕೆಟ್ಟೋನಾಗ್ತಾನೇನು? ನಾನ ಅವನ ಅಂಗಡಿಗೆ ಹೋಗಿ, ಶನಿವಾರ ಮೀಟಿಂಗ್ ಐತಿ ಬಾರಪ್ಪ ಅಂತ ಕರದೆ. ಅವನೇ ಒಲ್ಲೆ ಅಂದ.”

ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ಗಾಡಿಯನ್ನು ರಸ್ತೆಯ ಬದಿಗೆ ತಂದೆ. “ಯಾಕಂತ್ರಿ?” ಅಂದೆ.

“ಏನೋ ಅಂದ. ‘ಸಾರ್, ನಾ ಇಷ್ಟು ಮಂದಿಗೆ ಹೇಳಿಕೊಟ್ಟೀನಿ, ಅವರಾಗ ಎಲ್ಲಾರಿಗಿಂತ ಚಲೋ ಕಲ್ತೋನು ಒಬ್ಬ ಅದಾನ. ಅವ ಎಲ್ಲಾ ಗೊತ್ತಿದ್ದೂ ತಪ್ಪು ಮಾಡ್ಯಾನ. ಅಂಥೋನೇ ಹಿಂಗ ಮಾಡಿದ ಮ್ಯಾಲೆ ನಾ ಏನ್ ಕಲಿಸಿದಂಗಾತು? ಮೂವತ್ತು ಹುಡುಗರ್ನ ನನ್ನ ಕೈಗೆ ಕೊಡಬ್ಯಾಡ್ರಿ’ ಅಂದ. ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ಆಮ್ಯಾಲೆ ಆ ಕಡಿ ತಲಿ ಹಾಕ್ಲಿಲ್ಲ ನೋಡು.” ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಯಾರವ ಅಂತ ಕೇಳಿದೆ. ಹೆಸರು ಹೇಳ್ಲೇ ಇಲ್ಲ. ನಿನಗೇನರ ಗೊತ್ತೇನೋ ಕೊಟ್ರೇಶಿ?”

“ಗೊತ್ತೈತ್ರಿ ಸಾರ್,” ಅಂದೆ. “ನಾನ ಅವ.”